ಗೋಡೆಯೂ ಸ್ಪೀಕರಿನ ಒಂದು ಭಾಗ

ಮೈಸೂರಿನ ಕುವೆಂಪುನಗರದ ಸ್ನೇಹಿತರೊಬ್ಬರ ಮನೆಯ ಮಹಡಿ ಹಾಲಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಮೂವತ್ತು ಜನ ಸೇರಿದ್ದೆವು. ಎಲ್ಲರೂ ಮನೆಯಲ್ಲಿ ಕೂತು ಸಂಗೀತ ಕೇಳುವವರು. ಸ್ಪೀಕರನ್ನು ಗೋಡೆಗೆ ಎಷ್ಟು ಹತ್ತಿರ ಇಡಬಹುದು ಅನ್ನುವುದರ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಆವತ್ತು ಹೇಳಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಮ್ಮಜ್ಜಿ ಮನೆಯಲ್ಲಿ ರೇಡಿಯೋ ಪಡಸಾಲೆಯ ಮೂಲೆಯಲ್ಲಿತ್ತು. ಕೃಷ್ಣಮೂರ್ತಿಪುರಂನ ಹಳೆಯ ಮನೆ. ಎರಡು ಗೋಡೆ ಸೇರುವ ಕಡೆ ಮೂರು ಮೂಲೆಯ ತೇಗದ ಹಲಗೆ ಹೊಡೆದಿದ್ದರು. ಅದರ ಮೇಲೆ ಕಸೂತಿ ಬಟ್ಟೆ ಹೊದ್ದ ವಾಲ್ವ್ ರೇಡಿಯೋ. ಒಂದು ಸಲ ಸುಣ್ಣ ಬಳಿಸುವಾಗ ಅಪ್ಪ ಅದನ್ನು ಇಳಿಸಿ ಪಡಸಾಲೆಯ ನಡುವೆ ಮೇಜಿನ ಮೇಲಿಟ್ಟರು. ಸಂಜೆ ಕಚೇರಿ ಹಾಕಿದಾಗ ಅಜ್ಜಿ ಒಳಗಿನಿಂದಲೇ ಕೂಗಿದರು: "ಏನೋ ಇದು, ದನಿ ಬಡಕಲಾಗಿಹೋಗಿದೆ! ರೇಡಿಯೋ ಕೆಟ್ಟಿತೇನೋ ನೋಡೋ." ರೇಡಿಯೋ ಕೆಟ್ಟಿರಲಿಲ್ಲ. ಸುಣ್ಣ ಒಣಗಿ ಅದು ವಾಪಸು ಮೂಲೆಗೆ ಹೋದ ದಿನ ದನಿ ಮತ್ತೆ ತುಂಬಿಕೊಂಡಿತು. ಆಗ ನನಗೆ ಹನ್ನೊಂದು ವರ್ಷ. ಯಾಕೆ ಹೀಗಾಯಿತು ಅಂತ ಅಪ್ಪನನ್ನು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

ನಮ್ಮೂರಿನವರ ಕಿವಿಗೆ ರೇಡಿಯೋ ಹೊಸದಲ್ಲ. 1935ರಲ್ಲಿ ಮಹಾರಾಜಾ ಕಾಲೇಜಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ವಿಠ್ಠಲ ವಿಹಾರದಿಂದಲೇ ಪ್ರಸಾರ ಶುರುಮಾಡಿದವರು. 'ಆಕಾಶವಾಣಿ' ಎಂಬ ಹೆಸರಿನ ನಂಟು ಇರುವುದು ಆ ಮನೆಗೇ. ಆ ಕಾಲದ ರೇಡಿಯೋ ಪೆಟ್ಟಿಗೆಯೊಳಗೆ ಇರುತ್ತಿದ್ದದ್ದು ಒಂದು ಚಿಕ್ಕ ಸ್ಪೀಕರ್. ಅದರಿಂದ ಮಂದ್ರದ ತುಂಬುದನಿ ಬರುವುದು ಕಷ್ಟ. ಅಜ್ಜಿ ಮನೆಯ ಮೂಲೆ ಆ ಕೊರತೆಯನ್ನು ತುಂಬಿಕೊಡುತ್ತಿತ್ತು.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಅದನ್ನೇ. ಗೋಡೆಯನ್ನೂ ಸ್ಪೀಕರಿನ ಒಂದು ಭಾಗ ಅಂತ ಲೆಕ್ಕಕ್ಕೆ ತಗೊಳ್ಳಿ. ಮನೆಗೆ ತಂದ ಮೇಲೆ ಅಲ್ಲ, ಕೊಳ್ಳುವ ಮೊದಲೇ ತಗೊಳ್ಳಿ.

ಯಾರನ್ನು ಕೇಳಿದರೂ ಒಂದೇ ಸಲಹೆ ಕೊಡುತ್ತಾರೆ. ಸ್ಪೀಕರನ್ನು ಗೋಡೆಯಿಂದ ಮೂರು ನಾಲ್ಕು ಅಡಿ ಮುಂದಕ್ಕೆ ಎಳೆಯಿರಿ, ಮೂಲೆಗೆ ಮಾತ್ರ ಇಡಬೇಡಿ. ಸಲಹೆ ತಪ್ಪಲ್ಲ. ಆದರೆ ಅದು ಯಾರ ಮನೆಗೆ ಹೇಳಿದ್ದು? ನಮ್ಮದು ಮೂವತ್ತು ನಲವತ್ತು ಸೈಟು. ಹಾಲು ಹನ್ನೆರಡು ಅಡಿ ಅಗಲ ಇದ್ದರೆ ಪುಣ್ಯ. ಒಂದು ಕಡೆ ದೇವರ ಮನೆ ಬಾಗಿಲು, ಇನ್ನೊಂದು ಕಡೆ ಅಡುಗೆಮನೆಗೆ ಹೋಗುವ ದಾರಿ, ಟೀವಿ ಶೋಕೇಸು, ಸೋಫಾ. ಇದರ ನಡುವೆ ಎರಡು ಪೆಟ್ಟಿಗೆ ನಾಲ್ಕು ಅಡಿ ಮುಂದೆ ಬಂದು ನಿಂತರೆ ಮನೆಯವರು ಓಡಾಡುವುದು ಹೇಗೆ? ಮೊಮ್ಮಕ್ಕಳು ಎಡವಿ ಬೀಳುತ್ತಾರೆ. ಕಡೆಗೆ ಸ್ಪೀಕರ್ ಗೋಡೆಗೇ ಹೋಗುತ್ತದೆ. ಹೋದದ್ದು ತಪ್ಪು ಅಂತ ಮನಸ್ಸಿಗೆ ಕಿರಿಕಿರಿ ಮಾತ್ರ ಉಳಿಯುತ್ತದೆ. ಆ ಕಿರಿಕಿರಿ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಗೋಡೆ ಏನು ಮಾಡುತ್ತದೆ ನೋಡೋಣ.

ಹಳೆ ಮನೆಗಳಲ್ಲಿ ದೀಪ ಇಡುವ ಗೂಡು ನೋಡಿದ್ದೀರಲ್ವಾ? ಅದೇ ದೀಪವನ್ನು ಬಯಲಲ್ಲಿ ಇಟ್ಟರೆ ಬೆಳಕು ನಾಲ್ಕೂ ಕಡೆ ಚೆಲ್ಲಿಹೋಗುತ್ತದೆ. ಗೂಡಿನಲ್ಲಿ ಇಟ್ಟರೆ ಇದ್ದಷ್ಟು ಬೆಳಕೂ ಮುಂದಕ್ಕೇ ಬರುತ್ತದೆ. ಎಣ್ಣೆ ಅಷ್ಟೇ, ಬತ್ತಿ ಅಷ್ಟೇ. ಸ್ಪೀಕರಿನ ತಗ್ಗು ದನಿ, ಅಂದರೆ ಬೇಸ್, ಈ ದೀಪದ ಹಾಗೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 60 ಹರ್ಟ್ಜ್‌ನ (ಸೆಕೆಂಡಿಗೆ 60 ಸಲ ಕಂಪಿಸುವ ದನಿಯ) ಒಂದು ಅಲೆಯ ಉದ್ದ ಹತ್ತಿರ ಹತ್ತಿರ 19 ಅಡಿ. ಎಂಟು ಅಂಗುಲ ಅಗಲದ ಪೆಟ್ಟಿಗೆ ಆ ಅಲೆಗೆ ಯಾವ ಲೆಕ್ಕ? ಅದು ಪೆಟ್ಟಿಗೆಯನ್ನು ಬಳಸಿಕೊಂಡು ಹಿಂದಕ್ಕೂ ಹೋಗುತ್ತದೆ, ಪಕ್ಕಕ್ಕೂ ಹೋಗುತ್ತದೆ. ಮೇಲಿನ ದನಿ ಹಾಗಲ್ಲ. 5000 ಹರ್ಟ್ಜ್‌ನ ಅಲೆ ಮೂರು ಅಂಗುಲಕ್ಕಿಂತಲೂ ಗಿಡ್ಡ. ಅದು ಬಹುಪಾಲು ಮುಂದಕ್ಕೇ ಬರುತ್ತದೆ.

ಹಿಂದೆ ಹೋದ ತಗ್ಗು ದನಿಗೆ ಹತ್ತಿರದಲ್ಲೇ ಗೋಡೆ ಸಿಕ್ಕಿದರೆ ಅದು ತಿರುಗಿ ಬಂದು ಮುಂದಿನ ದನಿಯ ಜೊತೆ ಸೇರಿಕೊಳ್ಳುತ್ತದೆ. ಲೆಕ್ಕದ ಪ್ರಕಾರ ಒಂದು ಗೋಡೆ ಸೇರಿದರೆ ತಗ್ಗು ದನಿ 6 ಡೆಸಿಬಲ್‌ನಷ್ಟು ಏರಬಹುದು. ಮೂಲೆಯಲ್ಲಿ ಎರಡನೇ ಗೋಡೆ ಸೇರಿದರೆ ಇನ್ನೊಂದು 6. ನಿಜವಾದ ಮನೆಯಲ್ಲಿ ಇಷ್ಟು ಬರುವುದಿಲ್ಲ, ಗೋಡೆಯಲ್ಲಿ ಬಾಗಿಲಿರುತ್ತದೆ, ಕಿಟಕಿಯಿರುತ್ತದೆ. ಆದರೂ ಕಿವಿಗೆ ಚೆನ್ನಾಗಿ ಗೊತ್ತಾಗುವಷ್ಟು ಬರುತ್ತದೆ. ಅಜ್ಜಿಯ ರೇಡಿಯೋಗೆ ಸಿಗುತ್ತಿದ್ದದ್ದು ಇದು.

ಹಾಗಾದರೆ ಎಲ್ಲ ಸ್ಪೀಕರನ್ನೂ ಮೂಲೆಗೆ ನೂಕಿಬಿಡಬಹುದಾ? ಇಲ್ಲ. ರೇಡಿಯೋಗೆ ಬೇಸ್ ಕಡಿಮೆ ಇತ್ತು, ಮೂಲೆ ಕೊಟ್ಟಿತು, ಸರಿಹೋಯಿತು. ಈಗಿನ ಎಷ್ಟೋ ಸ್ಪೀಕರ್‌ಗಳನ್ನು ಗೋಡೆಯಿಂದ ದೂರ ನಿಲ್ಲಿಸುತ್ತಾರೆ ಅಂತ ಅಂದುಕೊಂಡೇ ಮಾಡಿರುತ್ತಾರೆ. ಹಿಂದಕ್ಕೆ ಚೆಲ್ಲಿಹೋಗುವ ಬೇಸನ್ನು ಕಾರ್ಖಾನೆಯಲ್ಲೇ ಸೇರಿಸಿ ಕೊಟ್ಟಿರುತ್ತಾರೆ. ಅದನ್ನು ತಂದು ಗೋಡೆಗೆ ಇಟ್ಟರೆ ಒಂದೇ ಸಾರಿಗೆ ಎರಡು ಸಲ ಉಪ್ಪು ಹಾಕಿದ ಹಾಗೆ.

ನನಗೆ ಇದು ಗೊತ್ತಾದದ್ದು ದುಡ್ಡು ಕೊಟ್ಟ ಮೇಲೆ. ಬಹಳ ವರ್ಷ ಕೂಡಿಟ್ಟು ಒಂದು ಜೊತೆ ಒಳ್ಳೆಯ ಸ್ಪೀಕರ್ ತಂದೆ. ಅಂಗಡಿಯ ದೊಡ್ಡ ಹಾಲಿನಲ್ಲಿ ಕೇಳಿದಾಗ ಕಣ್ಣಲ್ಲಿ ನೀರು ಬಂದಿತ್ತು. ಗೋಡೆಗೆ ಇಡಬಹುದಾ ಅಂತ ಕೇಳಿದ್ದೆ. ಎಲ್ಲಿ ಬೇಕಾದರೂ ಇಡಿ ಸಾರ್ ಅಂದಿದ್ದರು. ಮನೆಯಲ್ಲಿ ನನ್ನ ಪಾಲಿಗೆ ಬಂದಿದ್ದದ್ದು ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆ. ಎರಡು ಮೂಲೆಗೆ ಎರಡು ಸ್ಪೀಕರ್ ಇಟ್ಟೆ. ಮೃದಂಗದ ಎಡಗಡೆ ಇದೆಯಲ್ಲ, ರವೆ ಕಲಸಿ ಮೆತ್ತುವ ಮುಖ, ಅದು ನುಡಿದಾಗಲೆಲ್ಲ ಕೋಣೆಯೇ ಗುಂಯ್ ಅನ್ನೋದು. ವಿದ್ವಾಂಸರು ಅಂಗೈ ಒತ್ತಿ ಜಾರಿಸಿ ಗುಮ್ಕಿ ಕೊಟ್ಟದ್ದು ಯಾವುದು, ಸುಮ್ನೆ ಮುಟ್ಟಿದ್ದು ಯಾವುದು, ಒಂದೂ ತಿಳಿಯುತ್ತಿರಲಿಲ್ಲ. ವೀಣೆ ಹಾಕಿದರೆ ಇನ್ನೂ ಸಂಕಟ. ವೀಣೆ ಶೇಷಣ್ಣನವರ ಊರು ಇದು. ಇಲ್ಲಿ ಕೂತು ವೀಣೆಯ ಅತಿ ತಗ್ಗಿನ ಅನುಮಂದ್ರ ತಂತಿ ಮಬ್ಬಾಗಿ ಕೇಳಿದರೆ ಎಷ್ಟು ಬೇಸರ ಆಗುತ್ತದೆ ಹೇಳಿ.

ಆ ಬೇಸರದಿಂದಲೇ ನಾನು ಅಳತೆ ಪಟ್ಟಿ ಹಿಡಿದೆ.

ಕೋಣೆಗೆ ತನ್ನದೇ ಶ್ರುತಿ ಇರುತ್ತದೆ. ಬಕೆಟ್ಟಿನಲ್ಲಿ ನೀರು ಹೊತ್ತು ನಡೆದಿದ್ದೀರಲ್ಲ. ನಡಿಗೆಯ ಲಯ ನೀರಿನ ಲಯಕ್ಕೆ ಕೂಡಿಬಿಟ್ಟರೆ ನೀರು ತುಳುಕುತ್ತದೆ. ಆಗ ನೋಡಿ, ಅಂಚಿನಲ್ಲಿ ನೀರು ಏರಿ ಇಳಿಯುತ್ತದೆ, ನಡುವೆ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಕೋಣೆಯೊಳಗಿನ ಗಾಳಿಯೂ ಹಾಗೆ. ಎದುರುಬದುರು ಗೋಡೆಯ ನಡುವೆ ಅರ್ಧ ಅಲೆ ಸರಿಯಾಗಿ ಕೂರುವ ದನಿ ಬಂದಾಗ ಗಾಳಿ ತುಳುಕುತ್ತದೆ. ಹತ್ತು ಅಡಿಗೆ ಆ ದನಿ 56 ಹರ್ಟ್ಜ್. ಹನ್ನೆರಡು ಅಡಿಗೆ 47. ನನ್ನ ಕೋಣೆಯಲ್ಲಿ ಉದ್ದ ಹತ್ತು, ಅಗಲ ಹತ್ತು, ಸೂರಿನ ಎತ್ತರವೂ ಹತ್ತು. ಮೂರು ಕಡೆಯ ತುಳುಕಾಟವೂ 56ರಲ್ಲೇ ಬಂದು ಕೂತಿತ್ತು. ವೀಣೆಯನ್ನು ಇ ಶ್ರುತಿಗೆ ಕೂಡಿಸಿದರೆ ಅನುಮಂದ್ರ ಪಂಚಮದ ತಂತಿ ಸುಮಾರು 62 ಹರ್ಟ್ಜ್. ಅರ್ಧ ಸ್ವರ ಇಳಿಸಿದರೆ 58. ಅಂದರೆ ನನ್ನ ಕೋಣೆ ಸರಿಯಾಗಿ ಆ ತಂತಿಯ ಪಕ್ಕದಲ್ಲೇ ಗುಡುಗುತ್ತಿತ್ತು. ಸ್ಪೀಕರಿನ ತಪ್ಪು ಏನೂ ಇರಲಿಲ್ಲ.

ಮೂಲೆ ಅಂದರೆ ಬಕೆಟ್ಟಿನ ಅಂಚು. ಅಲ್ಲಿ ಕೈ ಆಡಿಸಿದರೆ ನೀರು ಬಹಳ ಬೇಗ ತುಳುಕುತ್ತದೆ. ಕೋಣೆಯ ಮೂಲೆಯಲ್ಲಿ ಸ್ಪೀಕರ್ ಇಟ್ಟರೆ ಮೂರೂ ದಿಕ್ಕಿನ ತುಳುಕಾಟ ಪೂರ್ತಿ ಏಳುತ್ತದೆ. ಮೂಲೆಯಿಂದ ಒಂದು ಅಡಿ ಆಚೆ ತಂದರೂ ಸ್ವಲ್ಪ ತಗ್ಗುತ್ತದೆ. ಕೇಳುವವರಿಗೂ ಇದೇ ಮಾತು. ಗೋಡೆಗೆ ಒರಗಿಸಿದ ಸೋಫಾದಲ್ಲಿ ತಲೆ ಆನಿಸಿ ಕೂತರೆ ನೀವು ಅಂಚಿನಲ್ಲಿ ಕೂತ ಹಾಗೆ, ಬೇಸ್ ಜಾಸ್ತಿ. ಕೋಣೆಯ ಸರಿ ನಡುವೆ ಕೂತರೆ 56 ಕಾಣೆಯಾಗುತ್ತದೆ, ದನಿ ಬಡಕಲು. ಹಿಂದಿನ ಗೋಡೆಯಿಂದ ಕೋಣೆಯ ಉದ್ದದ ಮೂರನೇ ಒಂದು ಭಾಗ ಮುಂದೆ ಕೂರುವುದು ಒಳ್ಳೆಯ ಶುರು. ಅಷ್ಟು ಜಾಗ ಇಲ್ಲದಿದ್ದರೆ ಸೋಫಾವನ್ನು ಒಂದೂವರೆ ಅಡಿ ಎಳೆದರೂ ಸಾಕು. ಸ್ಪೀಕರ್ ಬದಲಿಸುವುದಕ್ಕಿಂತ ಸೋಫಾ ಎಳೆಯುವುದು ಎಷ್ಟೋ ಸಲ ಹೆಚ್ಚು ಕೆಲಸ ಮಾಡುತ್ತದೆ. ಇದನ್ನು ನಾನು ಹತ್ತಾರು ಮನೆಯಲ್ಲಿ ನೋಡಿದ್ದೇನೆ.

ಇಲ್ಲಿ ನಮ್ಮ ಮನೆಗಳ ಬಗ್ಗೆ ಒಂದು ಮಾತು. ಅಮೆರಿಕದ ಎಷ್ಟೋ ಮನೆಗಳ ಗೋಡೆ ಮರದ ಚೌಕಟ್ಟಿಗೆ ತೆಳು ಹಲಗೆ ಹೊಡೆದದ್ದು. ತಗ್ಗು ದನಿ ಬಡಿದಾಗ ಆ ಗೋಡೆ ಸ್ವಲ್ಪ ಅಲುಗುತ್ತದೆ, ಒಂದಷ್ಟು ಬೇಸನ್ನು ತಾನೇ ನುಂಗುತ್ತದೆ, ಒಂದಷ್ಟನ್ನು ಆಚೆ ಬಿಡುತ್ತದೆ. ನಮ್ಮದು ಇಟ್ಟಿಗೆ ಗೋಡೆ, ಸಿಮೆಂಟ್ ಪ್ಲಾಸ್ಟರು, ಆರ್‌ಸಿಸಿ ಸೂರು, ಗ್ರಾನೈಟ್ ಇಲ್ಲವೇ ಟೈಲ್ಸ್ ನೆಲ. ಬೇಸ್ ಒಳಗೇ ಸುತ್ತುತ್ತದೆ. ಅಲ್ಲಿ ಬರೆದ ಸಲಹೆಯನ್ನು ಇಲ್ಲಿಗೆ ಹಾಗೇ ತಂದರೆ ಹೊಂದುವುದಿಲ್ಲ. ನಮ್ಮ ಹಳೆಯ ತೊಟ್ಟಿ ಮನೆಗಳ ಕಥೆಯೇ ಬೇರೆ. ನಡುವೆ ಆಕಾಶ ತೆರೆದಿದೆ, ಮೇಲೆ ಹೆಂಚು. ತಗ್ಗು ದನಿಗೆ ಹೋಗಲು ದಾರಿ ಇದೆ. ಅಂಥ ಮನೆಯ ಮೂಲೆಯಲ್ಲಿ ಸ್ಪೀಕರ್ ಇಟ್ಟರೂ ಗುಂಯ್ ಅನ್ನುವುದು ಕಡಿಮೆ. ಅಜ್ಜಿ ಮನೆಯೂ ತೊಟ್ಟಿ ಮನೆಯೇ. ಆ ರೇಡಿಯೋಗೆ ಮೂಲೆಯ ಲಾಭ ಸಿಕ್ಕಿತು, ಕೋಣೆಯ ಕಾಟ ಇರಲಿಲ್ಲ. ನಿಮ್ಮ ಮನೆಯಲ್ಲಿ ಬೇಸ್ ಹೆಚ್ಚಾಗಿದ್ದರೆ ಕೋಣೆಯ ಬಾಗಿಲು ತೆರೆದು ಒಮ್ಮೆ ಕೇಳಿ. ಎಷ್ಟೋ ಸಲ ಅಷ್ಟರಲ್ಲೇ ವ್ಯತ್ಯಾಸ ಕಾಣುತ್ತದೆ.

ಈಗ ಗೋಡೆಯ ಇನ್ನೊಂದು ಗುಣಕ್ಕೆ ಬರುತ್ತೇನೆ. ಇದು ಸ್ವಲ್ಪ ಸೂಕ್ಷ್ಮ. ನಿಧಾನವಾಗಿ ಹೇಳುತ್ತೇನೆ.

ಮೂಲೆಯಲ್ಲಿ ಗುಂಯ್ ಅನ್ನುತ್ತದಲ್ಲ ಅಂತ ನಾನು ಸ್ಪೀಕರನ್ನು ಮುಂದಕ್ಕೆ ತಂದೆ. ಹಿಂದಿನ ಗೋಡೆಯಿಂದ ಎರಡು ಅಡಿ, ಪಕ್ಕದ ಗೋಡೆಯಿಂದ ಎರಡು ಅಡಿ. ಸ್ಟ್ಯಾಂಡಿನ ಮೇಲೆ ವೂಫರ್, ಅಂದರೆ ಪೆಟ್ಟಿಗೆಯಲ್ಲಿ ತಗ್ಗು ದನಿ ಹೊರಡಿಸುವ ಭಾಗ, ನೆಲದಿಂದ ಎರಡು ಅಡಿ ಎತ್ತರದಲ್ಲಿತ್ತು. ಗುಂಯ್ ಕಡಿಮೆಯಾಯಿತು. ಆದರೆ ಗಂಡು ಗಾಯಕರ ದನಿ ಸೊರಗಿತು. ಆಧಾರ ಷಡ್ಜದಲ್ಲಿ ನಿಂತಾಗ ಎದೆಯೇ ಇಲ್ಲದ ಹಾಗೆ ಕೇಳುತ್ತಿತ್ತು. ತಿಂಗಳುಗಟ್ಟಲೆ ಆಂಪ್ಲಿಫೈಯರನ್ನು ಅನುಮಾನಿಸಿದೆ, ವೈರ್ ಬದಲಿಸಿದೆ.

ಕಾರಣ ಸರಳ. ಸ್ಪೀಕರಿನಿಂದ ಹಿಂದಕ್ಕೆ ಹೋದ ದನಿ ಎರಡು ಅಡಿ ಹೋಗಿ ಎರಡು ಅಡಿ ವಾಪಸು ಬರಬೇಕು. ನಾಲ್ಕು ಅಡಿ ತಡ. ಎಂಟು ಅಡಿ ಉದ್ದದ ಅಲೆಗೆ ನಾಲ್ಕು ಅಡಿ ಅಂದರೆ ಸರಿಯಾಗಿ ಅರ್ಧ. ಮುಂದಿನ ದನಿ ನೂಕುವಾಗ ಹಿಂದಿನಿಂದ ಬಂದದ್ದು ಎಳೆಯುತ್ತದೆ. ಉಯ್ಯಾಲೆ ತಿರುಗಿ ಬರುವ ಹೊತ್ತಿಗೆ ಎದುರಿನಿಂದ ತಡೆದ ಹಾಗೆ. ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಎಂಟು ಅಡಿಯ ಅಲೆ ಎಂದರೆ ಸುಮಾರು 140 ಹರ್ಟ್ಜ್. ಒಂದೂವರೆ ಶ್ರುತಿಯಲ್ಲಿ ಹಾಡುವ ಗಂಡಸಿನ ಮಧ್ಯ ಷಡ್ಜ ಎಷ್ಟು ಗೊತ್ತಾ? 139. ನಾನು ಕೈಯಾರೆ ಗಾಯಕರ ಷಡ್ಜದ ಮೇಲೇ ಹಳ್ಳ ತೋಡಿದ್ದೆ.

ನೆಲ ಮತ್ತು ಪಕ್ಕದ ಗೋಡೆಯೂ ಅಷ್ಟೇ ದೂರದಲ್ಲಿದ್ದದ್ದರಿಂದ ಅವುಗಳ ತೊಂದರೆಯೂ ಅಕ್ಕಪಕ್ಕದಲ್ಲೇ ಬಂದು ಕೂತಿತ್ತು. ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದವರು ರಾಯ್ ಆಲಿಸನ್ ಎಂಬ ಅಮೆರಿಕದ ಎಂಜಿನಿಯರ್. 1974ರಲ್ಲಿ ಅವರು ಪ್ರಬಂಧ ಬರೆದು, ಹತ್ತಿರದ ಮೂರು ಮೈಗಳಿಂದ ವೂಫರ್ ಒಂದೇ ದೂರದಲ್ಲಿದ್ದರೆ ದನಿಯ ಶಕ್ತಿಯೇ ಒಂದು ಕಡೆ ಕುಸಿಯುತ್ತದೆ ಅಂತ ವಿವರಿಸಿದರು. ಮೈ ಅಂದರೆ ನೆಲ, ಹಿಂದಿನ ಗೋಡೆ, ಪಕ್ಕದ ಗೋಡೆ. ಆಮೇಲೆ ತಮ್ಮದೇ ಕಂಪನಿ ಮಾಡಿ, ಗೋಡೆಗೆ ಆನಿಸಿಯೇ ಇಡಬೇಕಾದ ಸ್ಪೀಕರ್‌ಗಳನ್ನು ತಂದರು. ಅವುಗಳಲ್ಲಿ ವೂಫರನ್ನು ನೆಲಕ್ಕೂ ಗೋಡೆಗೂ ತೀರ ಹತ್ತಿರ ಕೂರಿಸಿದ್ದರು. ಗೋಡೆಯನ್ನು ತಪ್ಪಿಸಿಕೊಳ್ಳುವ ಬದಲು ಅದನ್ನು ಜೊತೆಗೆ ಸೇರಿಸಿಕೊಂಡ ಮನುಷ್ಯ. ನನಗೆ ಅವರ ಮೇಲೆ ತುಂಬಾ ಗೌರವ.

ದೂರ ಬದಲಾದರೆ ಹಳ್ಳದ ಜಾಗವೂ ಬದಲಾಗುತ್ತದೆ. ಗೋಡೆಯಿಂದ ವೂಫರಿಗೆ ಒಂದು ಮೀಟರ್ ಇದ್ದರೆ ಹಳ್ಳ 86 ಹರ್ಟ್ಜ್‌ನಲ್ಲಿ. ಒಂದೂವರೆ ಮೀಟರ್ ಇದ್ದರೆ 57ರಲ್ಲಿ. ಗೋಡೆಗೆ ಆನಿಸಿಬಿಟ್ಟರೆ, ಪೆಟ್ಟಿಗೆಯ ಆಳವೂ ಸೇರಿ ಒಂದು ಅಡಿ ಅಂದುಕೊಳ್ಳಿ, ಹಳ್ಳ 280ರ ಆಸುಪಾಸಿಗೆ ಏರುತ್ತದೆ. ಅಷ್ಟು ಮೇಲೆ ಹೋದಾಗ ಪೆಟ್ಟಿಗೆಯಿಂದ ಹಿಂದಕ್ಕೆ ಹೋಗುವ ದನಿ ಕಡಿಮೆಯಾಗುತ್ತಾ ಬರುತ್ತದೆ. ಹಾಗಾಗಿ ಹಳ್ಳದ ಆಳವೂ ಕಡಿಮೆ. ಗೋಡೆಯೊಳಗೇ ಹುದುಗಿಸಿಟ್ಟರೆ ಹಿಂದಿನ ಗೋಡೆಯ ಹಳ್ಳವೇ ಇಲ್ಲ. ಒಳ್ಳೆಯ ಸ್ಟುಡಿಯೋಗಳಲ್ಲಿ ದೊಡ್ಡ ಸ್ಪೀಕರ್‌ಗಳನ್ನು ಗೋಡೆಯಲ್ಲಿ ಹುದುಗಿಸುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ನಾನು ನೇರವಾಗಿ ಹೇಳುತ್ತೇನೆ. ದೊಡ್ಡ ಹಾಲು ಇದ್ದರೆ ನಾಲ್ಕೈದು ಅಡಿ ಮುಂದಕ್ಕೆ ತನ್ನಿ. ಇಲ್ಲವಾದರೆ ಪೂರ್ತಿ ಗೋಡೆಗೆ ಹೋಗಿ. ಎರಡು ಎರಡೂವರೆ ಅಡಿಯ ನಡುಮಧ್ಯದ ಜಾಗ ಇದೆಯಲ್ಲ, ನಮ್ಮ ಗಂಡು ದನಿಗೆ, ತಂಬೂರಿಗೆ, ಮೃದಂಗಕ್ಕೆ ಅದು ಒಳ್ಳೆಯದು ಮಾಡುವುದಿಲ್ಲ. ಎಲ್ಲಿಟ್ಟರೂ ನೆಲಕ್ಕೆ, ಹಿಂಗೋಡೆಗೆ, ಪಕ್ಕದ ಗೋಡೆಗೆ ಇರುವ ಮೂರು ಅಳತೆ ಒಂದೇ ಆಗದ ಹಾಗೆ ನೋಡಿಕೊಳ್ಳಿ. ವೂಫರಿನ ನಡುವಿನಿಂದ ಅಳೆಯಿರಿ.

ಗೋಡೆಗೆ ಇಡುವುದಾದರೆ ಎಂಥ ಸ್ಪೀಕರ್ ಬೇಕು? ಬೇಸ್ ಸ್ವಲ್ಪ ತೆಳ್ಳಗಿರುವುದು. ಚಿಕ್ಕದಾದ, ಪೋರ್ಟ್ (ಗಾಳಿ ಆಡುವ ತೂತು) ಇಲ್ಲದ ಮುಚ್ಚಿದ ಪೆಟ್ಟಿಗೆ ಸಾಮಾನ್ಯವಾಗಿ ಚೆನ್ನಾಗಿ ಹೊಂದುತ್ತದೆ. ಅದರ ಬೇಸ್ ನಿಧಾನವಾಗಿ ಇಳಿಯುತ್ತದೆ, ಗೋಡೆ ಅದನ್ನು ಎತ್ತಿಕೊಡುತ್ತದೆ. ಆಂಪ್ಲಿಫೈಯರ್ ಒಳಗೇ ಇರುವ ಕೆಲವು ಸ್ಪೀಕರ್‌ಗಳ ಬೆನ್ನಲ್ಲಿ ಬೇಸ್ ತಗ್ಗಿಸುವ ಸ್ವಿಚ್ಚು ಇರುತ್ತದೆ. ಅದು ಇರುವುದೇ ಗೋಡೆಗಾಗಿ, ಬಳಸಿ. ಹಳೆ ಆಂಪ್ಲಿಫೈಯರಿನ ಬೇಸ್ ಗುಂಡಿ ತಿರುಗಿಸುವುದಕ್ಕೂ ಸಂಕೋಚ ಬೇಡ.

ಪೋರ್ಟ್ ಹಿಂದೆ ಇದ್ದರೆ ಗೋಡೆಗೆ ಇಡಲೇಬಾರದು, ಮುಂದೆ ಇದ್ದರೆ ಪರವಾಗಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಅದು ಪೂರ್ತಿ ನಿಜ ಅಲ್ಲ. ಪೋರ್ಟಿನಿಂದ ಬರುವುದು ತಗ್ಗು ದನಿ. ಅದು ಎಲ್ಲಿಂದ ಹೊರಬಂದರೂ ಎಲ್ಲ ಕಡೆ ಹರಡುತ್ತದೆ. ಗೋಡೆಯಿಂದ ಸಿಗುವ ಏರಿಕೆ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ಹಿಂದಿನ ಪೋರ್ಟಿಗೆ ಬೇಕಾದದ್ದು ಉಸಿರಾಡುವಷ್ಟು ಸಂದು, ನಾಲ್ಕು ಅಂಗುಲ ಬಿಟ್ಟರೆ ಸಾಮಾನ್ಯವಾಗಿ ಸಾಕು. ಬೇಸ್ ಇನ್ನೂ ಹೆಚ್ಚು ಅನ್ನಿಸಿದರೆ ಪೋರ್ಟಿಗೆ ಸ್ಪಂಜು ತುರುಕಿ ನೋಡಿ. ಕೆಲವು ಕಂಪನಿಯವರು ಅದಕ್ಕೇ ಅಂತ ಸ್ಪಂಜಿನ ಬಿರಡೆ ಜೊತೆಗೇ ಕೊಡುತ್ತಾರೆ. ಇಲ್ಲದಿದ್ದರೆ ಒಗೆದ ಕಾಲುಚೀಲ ಸುತ್ತಿ ಇಟ್ಟರೂ ಆಗುತ್ತದೆ.

ಮೂಲೆಗೇ ಹೇಳಿ ಮಾಡಿಸಿದ ಸ್ಪೀಕರ್‌ಗಳೂ ಇವೆ. ಪಾಲ್ ಕ್ಲಿಪ್ಶ್ ಎಂಬವರು 1946ರಲ್ಲಿ ಅಮೆರಿಕದ ಆರ್ಕನ್ಸಾ ರಾಜ್ಯದ ಹೋಪ್ ಎಂಬ ಊರಲ್ಲಿ ಕಂಪನಿ ಶುರುಮಾಡಿದರು. ಅವರ ಕ್ಲಿಪ್ಶ್‌ಹಾರ್ನ್ ಒಂದು ಅದ್ಭುತ. ನಾದಸ್ವರಕ್ಕೆ ಅಣಸು ಇರುತ್ತದಲ್ಲ, ಕೊನೆಯಲ್ಲಿ ಅಗಲವಾಗುವ ಬಾಯಿ, ಅಂಥದೇ ಒಂದು ಕೊಳವೆಯನ್ನು ಮಡಚಿ ಮಡಚಿ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ. ಆ ಕೊಳವೆ ಪೆಟ್ಟಿಗೆಯಲ್ಲಿ ಮುಗಿಯುವುದಿಲ್ಲ. ಕೋಣೆಯ ಎರಡು ಗೋಡೆ ಮತ್ತು ನೆಲ ಸೇರಿ ಅದರ ಅಣಸು ಆಗುತ್ತವೆ. ಮೂಲೆ ಇಲ್ಲದಿದ್ದರೆ ಆ ವಾದ್ಯವೇ ಪೂರ್ತಿಯಾಗುವುದಿಲ್ಲ. ಬ್ರಿಟನ್ನಿನ ಆಡಿಯೋ ನೋಟ್ ಕಂಪನಿಯವರ ಎಎನ್-ಇ ಕೂಡ ಮೂಲೆಯಲ್ಲಿ ಇಡಲೆಂದೇ ಇರುವುದು. ಅದನ್ನು ಎಷ್ಟು ಒಳಮುಖವಾಗಿ ತಿರುಗಿಸುತ್ತಾರೆ ಅಂದರೆ ಎರಡೂ ಸ್ಪೀಕರ್‌ಗಳ ಮುಖದಿಂದ ಹೊರಟ ನೇರ ಗೆರೆ ಕೇಳುಗರ ಮುಂದೆಯೇ ಒಂದನ್ನೊಂದು ದಾಟುತ್ತದೆ. ಪಕ್ಕದ ಗೋಡೆಗೆ ಮೇಲಿನ ದನಿ ಬಡಿಯುವುದು ಆಗ ಕಡಿಮೆಯಾಗುತ್ತದೆ. ನಿಮ್ಮ ಸಾಮಾನ್ಯ ಸ್ಪೀಕರ್ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಇದೊಂದನ್ನು ಖಂಡಿತ ಮಾಡಿ. ಚೆನ್ನಾಗಿ ಒಳಕ್ಕೆ ತಿರುಗಿಸಿ.

ನಮ್ಮೂರಿನವರಿಗೆ ಹೇಳಲೇಬೇಕಾದ ಒಂದು ವಿಷಯ. ಜಯಚಾಮರಾಜೇಂದ್ರ ಒಡೆಯರ್ ಅವರು ಪಾಶ್ಚಾತ್ಯ ಸಂಗೀತದ ದೊಡ್ಡ ರಸಿಕರು. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಸಂಗೀತ ಧ್ವನಿಮುದ್ರಣವಾಗಲು ದುಡ್ಡು ಕೊಟ್ಟವರು ಅವರೇ. ಅವರನ್ನು ನೋಡಲು ಬಂದಿದ್ದ ಇಂಗ್ಲೆಂಡಿನ ರೆಕಾರ್ಡಿಂಗ್ ನಿರ್ಮಾಪಕ ವಾಲ್ಟರ್ ಲೆಗ್, ಇಲ್ಲಿನ ರೆಕಾರ್ಡು ಸಂಗ್ರಹವನ್ನೂ ಬಗೆಬಗೆಯ ಲೌಡ್‌ಸ್ಪೀಕರ್‌ಗಳನ್ನೂ ಕಂಡು ಬೆರಗಾದದ್ದನ್ನು ಬರೆದಿಟ್ಟಿದ್ದಾರೆ. ಅಂದರೆ ಒಳ್ಳೆಯ ದನಿಗಾಗಿ ಒದ್ದಾಡುವುದು ಮೈಸೂರಿಗೆ ಮುಕ್ಕಾಲು ಶತಮಾನದ ಅಭ್ಯಾಸ. ಅರಮನೆಯಲ್ಲಿ ಜಾಗಕ್ಕೆ ಬರ ಇರಲಿಲ್ಲ, ನಮಗೆ ಇದೆ, ಅಷ್ಟೇ ವ್ಯತ್ಯಾಸ.

ಹಾಲಿನ ಇನ್ನೊಂದು ತೊಂದರೆ, ಎಡ ಬಲ ಒಂದೇ ಥರ ಇರುವುದಿಲ್ಲ. ಎಡ ಸ್ಪೀಕರ್ ಮೂಲೆಯಲ್ಲಿ, ಬಲ ಸ್ಪೀಕರ್ ಊಟದ ಜಾಗಕ್ಕೆ ತೆರೆದ ಕಮಾನಿನ ಪಕ್ಕ. ಎಡಕ್ಕೆ ಬೇಸ್ ಜಾಸ್ತಿ, ಬಲಕ್ಕೆ ಕಡಿಮೆ. ನಡುವೆ ಕೂತಿರಬೇಕಾದ ಗಾಯಕರು ಒಂದು ಕಡೆಗೆ ವಾಲುತ್ತಾರೆ. ಇದು ಎರಡೂ ಮೂಲೆಯಲ್ಲಿ ಇಡುವುದಕ್ಕಿಂತ ಕೆಟ್ಟದ್ದು ಅಂತ ನನ್ನ ಅನುಭವ. ಎರಡಕ್ಕೂ ಒಂದೇ ಥರದ ಗೋಡೆ ಸಿಗುವ ಕಡೆ ಇಡೀ ವ್ಯವಸ್ಥೆಯನ್ನೇ ತಿರುಗಿಸಿ. ಉದ್ದ ಗೋಡೆಯ ನಡುವೆ ಎರಡನ್ನೂ ಇಟ್ಟರೆ ಮೂಲೆಯೂ ದೂರವಾಗುತ್ತದೆ.

ಮೊಟ್ಟೆ ಟ್ರೇ, ತೆಳು ಫೋಮು ಅಂಟಿಸುವವರಿಗೆ ಒಂದು ಕಿವಿಮಾತು. ಅವು ಮೇಲಿನ ದನಿಯನ್ನು ಮಾತ್ರ ಒಂದಿಷ್ಟು ತಡೆಯುತ್ತವೆ. ಹತ್ತೊಂಬತ್ತು ಅಡಿಯ ಅಲೆಗೆ ಎರಡು ಅಂಗುಲದ ಫೋಮು ಗೊತ್ತೇ ಆಗುವುದಿಲ್ಲ. ಕೋಣೆ ಮಂಕಾಗುತ್ತದೆ, ಗುಂಯ್ ಹಾಗೇ ಉಳಿಯುತ್ತದೆ. ಆ ದುಡ್ಡಿಗೆ ದಪ್ಪನೆಯ ಜಮಖಾನ ತನ್ನಿ, ಕಿಟಕಿಗೆ ಪರದೆ ಹಾಕಿ, ಗೋಡೆಗೆ ಪುಸ್ತಕದ ಕಪಾಟು ಇಡಿ. ಕಬ್ಬಿಣದ ಬೀರು ಇರುವ ಕೋಣೆಯಾದರೆ ಅದರ ಮೇಲಿನ ಸಾಮಾನು ಇಳಿಸಿ. ಅರ್ಧ ಗದಗುಟ್ಟುವ ಸದ್ದು ಅಲ್ಲಿಂದಲೇ ಬರುತ್ತಿರುತ್ತದೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ, ಪ್ರಶ್ನೆ ಇದ್ದರೆ ಕೇಳಿ ಅಂದೆ. ಹಿಂದಿನ ಸಾಲಿನಲ್ಲಿ ಮಂಡ್ಯದಿಂದ ಬಂದಿದ್ದ ಒಬ್ಬರು ಎದ್ದರು. ಊರಹಬ್ಬ, ಮದುವೆಗಳಿಗೆ ಶಾಮಿಯಾನ, ಸೌಂಡ್ ಬಾಕ್ಸ್ ಹಾಕುವವರು.

"ಸಾರ್, ಬಯಲಲ್ಲಿ ಹಾಕುದ್ರೆ ಬೇಸೇ ಸಾಲಲ್ಲ. ಅದೇ ಬಾಕ್ಸ್ ಛತ್ರದೊಳಗೆ ಹಾಕುದ್ರೆ ಗುಂಯ್ ಅಂತದೆ. ನಾವು ಬಯಲಲ್ಲಿ ಬೇಸ್ ಬಾಕ್ಸ್‌ನೆಲ್ಲ ಒಂದೇ ತಾವು ನೆಲದ ಮೇಲೆ ಕೂಡುಸ್ತೀವಿ. ಎರಡು ಕಡೆ ಹಂಚಿದ್ರೆ ಅಷ್ಟು ಬರಲ್ಲ. ನೀವು ಹೇಳಿದ್ದು ಇದೇ ತಾನೇ?"

ಅದೇ ಸ್ವಾಮಿ ಅಂದೆ. ನಾನು ಅಳತೆ ಪಟ್ಟಿ ಹಿಡಿದು ವರ್ಷಗಟ್ಟಲೆ ಹುಡುಕಿದ್ದನ್ನು ಅವರು ಗದ್ದೆಬಯಲಿನಲ್ಲಿ ಕೆಲಸ ಮಾಡುತ್ತಾ ಕಂಡುಕೊಂಡಿದ್ದರು. ಬಯಲಲ್ಲಿ ಅವರಿಗೆ ಸಿಗುವುದು ನೆಲ ಒಂದೇ, ಗೋಡೆ ಇಲ್ಲ. ಹಾಗಾಗಿ ಬಾಕ್ಸಿಗೆ ಬಾಕ್ಸೇ ಜೊತೆ.

ಸರಿ, ಇಲ್ಲೇ ಮಾಡಿ ನೋಡೋಣ ಅಂತ ಎಲ್ಲರೂ ಎದ್ದರು. ಆ ಹಾಲು 18 ಅಡಿ ಉದ್ದ, 12 ಅಡಿ ಅಗಲ. ಮನೆಯವರ ಸ್ಪೀಕರ್‌ಗಳು 12 ಅಡಿಯ ಗೋಡೆಯ ಎರಡು ಮೂಲೆಯಲ್ಲಿದ್ದವು. ವೀಣೆಯ ಒಂದು ತಾನ ಹಾಕಿದೆವು. ಅನುಮಂದ್ರಕ್ಕೆ ಇಳಿದಾಗಲೆಲ್ಲ ಮೀಟು ಎಲ್ಲಿ, ನಾದ ಎಲ್ಲಿ ತಿಳಿಯುತ್ತಿರಲಿಲ್ಲ. ಮಂಡ್ಯದವರೂ ನಾನೂ ಒಂದೊಂದು ಸ್ಪೀಕರ್ ಹಿಡಿದು ಪಕ್ಕದ ಗೋಡೆಯಿಂದ ಮೂರು ಮೂರು ಅಂಗುಲ ಸರಿಸುತ್ತಾ ಬಂದೆವು. ಹಿಂದಿನ ಗೋಡೆಯ ಸಂದು ಬದಲಿಸಲಿಲ್ಲ. ಪ್ರತಿ ಸಲ ಮನೆಯ ಯಜಮಾನರ ತಾಯಿ ಸೋಫಾದಿಂದಲೇ ಹೇಳುತ್ತಿದ್ದರು, ಇನ್ನೂ ಇಲ್ಲ, ಇನ್ನೂ ಇಲ್ಲ. ಅವರು ಸ್ವತಃ ವೀಣೆ ಕಲಿತವರು. ಗೋಡೆಯಿಂದ ಇಪ್ಪತ್ತೊಂದು ಅಂಗುಲಕ್ಕೆ ಬಂದಾಗ ಕೈ ಎತ್ತಿದರು. "ಈಗ ತಂತಿ ಕೇಳಿಸ್ತು ನೋಡಪ್ಪ." ಇನ್ನೂ ಮೂರು ಅಂಗುಲ ಸರಿಸಿ ನೋಡಿದೆವು. ಬೇಡ, ಹಿಂದಕ್ಕೆ ಹೋಗಿ ಅಂದರು. ಮೊಮ್ಮಗಳು ಸೀಮೆಸುಣ್ಣ ತಂದು ನೆಲದ ಮೇಲೆ ಒಂದೊಂದು ಸ್ಪೀಕರಿನ ನಾಲ್ಕು ಮೂಲೆಗೂ ಗುರುತು ಹಾಕಿದಳು.